ಮಾವಿನ ಡ್ರಮ್ಮು, ಮಾವಿನ ಹೊಗೆ: ನಮ್ಮ ಮಹಡಿಯ ಸ್ಮೋಕರ್

ನಾನು ಮೊದಲು ಕೊಂಡ ಸ್ಮೋಕರ್‌ನಲ್ಲಿ ಈಗ ಪುದೀನ ಬೆಳೆಯುತ್ತಿದೆ. ಸ್ಮೋಕರ್ ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ. ಆನ್‌ಲೈನ್‌ನಲ್ಲಿ 7,500 ರೂಪಾಯಿ ಕೊಟ್ಟು ತರಿಸಿದ್ದು. ಅಡ್ಡ ಮಲಗಿದ ಡಬ್ಬ, ಪಕ್ಕದಲ್ಲಿ ಬೆಂಕಿಗೂಡು, ಮೇಲೆ ಚಿಮಣಿ. ಫೋಟೋದಲ್ಲಿ ಪುಟ್ಟ ರೈಲು ಎಂಜಿನ್ ಹಾಗೆ ಕಂಡಿತು, ಅದಕ್ಕೇ ಮರುಳಾದೆ. ತಗಡು ಎಷ್ಟು ತೆಳು ಅಂದರೆ, ಬೆರಳಲ್ಲಿ ತಟ್ಟಿದರೆ ಎಣ್ಣೆ ಡಬ್ಬದ ಸದ್ದು. ಮುಚ್ಚಳದ ಸುತ್ತ ಸಂದು. ಗಾಳಿ ಬೀಸಿದರೆ ಬಿಸಿ 90 ಡಿಗ್ರಿಗೆ ಇಳಿಯುತ್ತಿತ್ತು, ಎರಡು ಕಟ್ಟಿಗೆ ಹಾಕಿದರೆ 170ಕ್ಕೆ ಹಾರುತ್ತಿತ್ತು. ಆರು ಗಂಟೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೊನೆಗೆ ಮಟನ್ ಕುಕ್ಕರಿಗೇ ಹೋಯಿತು. ನಾಲ್ಕು ವಿಷಲ್.

ಕೆಂಡದ ಮೇಲೆ ಕಬಾಬ್ ಸುಡೋದು ಬೇರೆ, ಇದು ಬೇರೆ. ಹೊಗೆಯಲ್ಲಿ ಬೇಯಿಸಲು 110ರಿಂದ 125 ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ಅದು ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲಬೇಕು. ಒಳಗೆ ಎಷ್ಟು ಗಾಳಿ ಹೋಗುತ್ತೋ ಇದ್ದಿಲು ಅಷ್ಟೇ ಉರಿಯುತ್ತೆ. ಹಾಗಾಗಿ ನಾವು ಬಿಟ್ಟ ತೂತಿನಿಂದ ಮಾತ್ರ ಗಾಳಿ ಒಳಗೆ ಹೋಗಬೇಕು. ಮುಚ್ಚಳ ಬಿಗಿಯಿಲ್ಲದ ಸ್ಮೋಕರ್ ಎಷ್ಟು ಚೆಂದವಿದ್ದರೂ ಬೇಡ. ಇಷ್ಟು ಕಲಿಯೋಕೆ 7,500 ರೂಪಾಯಿ ಹೋಯಿತು.

ಎರಡನೇ ಸಲ ನಿಧಾನವಾಗಿ ನೋಡಿದೆ. ಕರೆಂಟಿನ ಸ್ಮೋಕರ್ ಸುಲಭ ನಿಜ, ಆದರೆ ಮಧ್ಯಾಹ್ನ ಕರೆಂಟ್ ಹೋದರೆ ಅರೆಬೆಂದ ಕೋಳಿ ಹಿಡ್ಕೊಂಡು ಏನು ಮಾಡೋದು? ಪೆಲೆಟ್ ಸ್ಮೋಕರ್‌ಗೆ ಕರೆಂಟೂ ಬೇಕು, ಮರದ ಪುಡಿಯ ಗುಳಿಗೆಯೂ ಬೇಕು. ಕೋಲಾರದಲ್ಲಿ ಅದನ್ನು ಯಾವ ಅಂಗಡಿಯಲ್ಲಿ ಕೇಳಲಿ? ಮಣ್ಣಿನ ಹೂಜಿಯಂಥ ಕಮಾಡೊ ಬಿಸಿ ಚೆನ್ನಾಗಿ ಹಿಡಿಯುತ್ತೆ, ಬೆಲೆ ಕೇಳಿದರೆ ನಮಗೇ ಬಿಸಿ ಹತ್ತುತ್ತೆ. ನೆಟ್ಟಗೆ ನಿಲ್ಲುವ ಬುಲೆಟ್ ಸ್ಮೋಕರ್ ಮನಸ್ಸಿಗೆ ಬಂತು. ಕೆಳಗೆ ಇದ್ದಿಲು, ನಡುವೆ ನೀರಿನ ತಟ್ಟೆ, ಮೇಲೆ ಮಾಂಸ. ಆದರೆ ನಾನು ನೋಡಿದ ಒಳ್ಳೆಯದರ ಬೆಲೆ 30,000 ದಾಟಿತ್ತು. ಆ ದುಡ್ಡಿಗೆ ಎರಡು ಕುರಿ ಬರ್ತವೆ ಅಲ್ವಾ?

ಆಗ ಗುಜರಿ ಅಂಗಡಿಯಲ್ಲಿ ಕಣ್ಣಿಗೆ ಬಿದ್ದಿದ್ದು 200 ಲೀಟರಿನ ಡ್ರಮ್. ಶ್ರೀನಿವಾಸಪುರದ ಕಡೆ ಮಾವಿನ ತಿರುಳು ತುಂಬುವಂಥದ್ದು. ತಿರುಳು ಒಳಗಿನ ಚೀಲದಲ್ಲಿರುತ್ತೆ, ಡ್ರಮ್ ಬರೀ ಹೊರ ಚಿಪ್ಪು. ಅದಕ್ಕೇ ಅದನ್ನು ಆರಿಸಿದೆ. ಕೆಮಿಕಲ್ ತುಂಬಿದ್ದ ಡ್ರಮ್ ಪುಕ್ಕಟೆ ಕೊಟ್ಟರೂ ಬೇಡ. ಡ್ರಮ್ಮಿಗೆ 1,200, ವೆಲ್ಡಿಂಗಿಗೆ 2,300. ಕೆಳಗೆ ಮುಕ್ಕಾಲು ಇಂಚಿನ ನಾಲ್ಕು ತೂತು, ಮುಚ್ಚಲು ದಪ್ಪ ಮ್ಯಾಗ್ನೆಟ್. ಮುಚ್ಚಳದಲ್ಲಿ ಎರಡು ಇಂಚಿನ ಹೊಗೆಕಂಡಿ. ಇದ್ದಿಲಿಗೆ ಬುಟ್ಟಿ, ಅದರಿಂದ ಎರಡು ಅಡಿ ಮೇಲೆ ಜಾಲರಿ. ವೆಲ್ಡರ್ ಜಿಂಕ್ ಲೇಪನದ ಬೇಲಿ ಜಾಲರಿಯನ್ನೇ ಹಾಕಲು ಹೊರಟಿದ್ದ. ಬಿಸಿಗೆ ಜಿಂಕ್ ಹೊಗೆಯಾಗಿ ಊಟಕ್ಕೆ ಸೇರೋದು ಬೇಡ ಅಂತ ಸ್ಟೀಲ್ ಸರಳೇ ಹಾಕಿಸಿದೆ. ಮೊದಲ ದಿನ ಒಳಗೆ ಸೌದೆ ಧಗಧಗ ಉರಿಸಿ ಬಣ್ಣವೆಲ್ಲ ಸುಟ್ಟೆ. ಆಮೇಲೆ ತೊಳೆದು, ಹೊಸ ಕಾವಲಿ ಪಳಗಿಸುವ ಹಾಗೆ ಎಣ್ಣೆ ಸವರಿ ಕಾಯಿಸಿದೆ.

ಸೋರುತ್ತೋ ಇಲ್ಲವೋ ನೋಡಲು ಒಂದು ಉಪಾಯ ಮಾಡಿದೆ. ಎಂಟು ಹತ್ತು ಊದುಬತ್ತಿ ಹಚ್ಚಿ ಒಳಗಿಟ್ಟು, ಎಲ್ಲ ತೂತು ಮುಚ್ಚಿ ಸುತ್ತ ನೋಡುತ್ತಾ ಹೋದೆ. ಮುಚ್ಚಳದ ಒಂದು ಕಡೆ ಮಾತ್ರ ನೂಲಿನಷ್ಟು ಹೊಗೆ ಎದ್ದಿತು. ಅಲ್ಲಿ ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟೆ, ನಿಂತಿತು. ಅಂಗಡಿಯಲ್ಲಿ ಕೊಳ್ಳುವವರೂ ಹೀಗೇ ನೋಡಬಹುದು. ಅಂಗಡಿಯವರು ನಕ್ಕರೆ ನಗಲಿ.

ಥರ್ಮಾಮೀಟರಿಗೆ ಮಾತ್ರ ಜಿಪುಣತನ ಮಾಡಲಿಲ್ಲ. ಮುಚ್ಚಳದ ಮೇಲಿನ ಡಯಲ್ ನಂಬೋ ಹಾಗಿಲ್ಲ, ಮಾಂಸ ಇರೋದು ಅದರಿಂದ ಎಷ್ಟೋ ಕೆಳಗೆ. 1,800ಕ್ಕೆ ಎರಡು ಕಡ್ಡಿಯ ಡಿಜಿಟಲ್ ತಂದೆ. ಒಂದು ಜಾಲರಿ ಹತ್ತಿರ, ಇನ್ನೊಂದು ಮಾಂಸದೊಳಗೆ.

ಇದ್ದಿಲು ಇಸ್ತ್ರಿಯವರು ತರುವ ಕಡೆಯಿಂದಲೇ ತರುತ್ತೇನೆ. ಹೊಗೆಗೆ ಮಾವಿನ ಕಟ್ಟಿಗೆ. ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಸವರಿದ ಕೊಂಬೆಗಳು, ನಾಲ್ಕೈದು ತಿಂಗಳು ಒಣಗಿದವು. ಒಮ್ಮೆ ಮಾವು ಖಾಲಿಯಾಗಿ, ಸುತ್ತಲೂ ಬಿದ್ದಿದೆಯಲ್ಲ ಅಂತ ನೀಲಗಿರಿ ತುಂಡು ಹಾಕಿದೆ. ಕೋಳಿ ತಿಂದವರೆಲ್ಲ ನೆಗಡಿಗೆ ಹಚ್ಚುವ ಮುಲಾಮು ತಿಂದಂತೆ ಮುಖ ಮಾಡಿದರು. ಇನ್ನೊಂದು ಮಾತು. ದಟ್ಟ ಬಿಳಿ ಹೊಗೆ ಬರುವಾಗ ಮಾಂಸ ಇಡಬೇಡಿ, ಕಹಿಯಾಗುತ್ತೆ. ಹೊಗೆ ತೆಳ್ಳಗೆ ನೀಲಿಗೆ ತಿರುಗುವ ತನಕ ಕಾಯಬೇಕು.

ನಾಟಿ ಕೋಳಿ ಇದಕ್ಕೆ ಆಗಿಬರಲ್ಲ, ಹಗ್ಗ ಅಗಿದಂತಾಯಿತು. ಫಾರಂ ಕೋಳಿಯೇ ಸರಿ. ಅದಕ್ಕೆ ಬಿಸಿ 140ರ ಹತ್ತಿರ ಇಡುತ್ತೇನೆ, ಇಲ್ಲದಿದ್ದರೆ ಚರ್ಮ ರಬ್ಬರ್. ತೊಡೆಯೊಳಗೆ 74 ಡಿಗ್ರಿ ದಾಟಲೇಬೇಕು. ಕುರಿ ತೊಡೆಗೆ ಉಪ್ಪು, ಮೆಣಸು, ಬ್ಯಾಡಗಿ ಪುಡಿ, ಚೂರು ಬೆಲ್ಲ. ಬೆಳಿಗ್ಗೆ ಎಂಟಕ್ಕೆ ಇಟ್ಟರೆ ಹನ್ನೊಂದರ ಹೊತ್ತಿಗೆ 68 ಡಿಗ್ರಿಗೆ ಬಂದು ನಿಂತುಬಿಡುತ್ತೆ. ಮೊದಲ ಸಲ ಥರ್ಮಾಮೀಟರ್ ಕೆಟ್ಟಿತು ಅಂದುಕೊಂಡೆ. ಕೆಟ್ಟಿಲ್ಲ. ಮೈ ಬೆವರಿದಾಗ ತಂಪಾಗೋ ಹಾಗೆ ಮಾಂಸದ ನೀರು ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತೆ, ಅಷ್ಟೇ. ಆಗ ಬಾಳೆ ಎಲೆ, ಅದರ ಮೇಲೆ ಫಾಯಿಲ್ ಸುತ್ತಿ ಮತ್ತೆ ಇಡುತ್ತೇನೆ. 93ಕ್ಕೆ ಬಂದರೆ ಮೂಳೆ ಕೈಗೇ ಬರುತ್ತೆ.

ಹಚ್ಚುವ ಮೊದಲು ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರಾ ಅಂತ ಕೇಳುತ್ತೇನೆ. ಮಳೆ ಬಂತೆಂದು ಡ್ರಮ್ಮನ್ನು ಮೆಟ್ಟಿಲ ಕೋಣೆಗೆ ಎಳೆದುಕೊಂಡು ಹೋಗಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರಲ್ಲ, ಜೀವ ತೆಗೆಯುತ್ತೆ.

ಮೊದಲ ತೊಡೆ ತಟ್ಟೆಗೆ ಬಂದಾಗ ಅಮ್ಮ ಮುದ್ದೆ ಮುಂದಿಟ್ಟುಕೊಂಡು ಸುಮ್ನೆ ಕೂತಿದ್ದರು. "ಎಲ್ಲಾ ಸರಿ, ಸಾರೆಲ್ಲಿ?" ಅಂದರು. ಮಾರನೇ ದಿನ ಆ ಮೂಳೆಗಳನ್ನೇ ಸಾರಿಗೆ ಹಾಕಿದರು. ಈಗ ನಾನು ಡ್ರಮ್ ಹಚ್ಚಿದ ದಿನವೆಲ್ಲ ಮಹಡಿ ಮೆಟ್ಟಿಲಲ್ಲೇ ಕೂಗುತ್ತಾರೆ: "ಮೂಳೆ ಬಿಸಾಕಬೇಡ!"