ಲ್ಯಾಬ್ ಬೆಕ್ಕನ್ನು ಮನೆಗೆ ಒಗ್ಗಿಸಿದ್ದು: ಕಲಬುರಗಿಯ ನನ್ನ ಅನುಭವ

ಪ್ರಯೋಗಾಲಯದಿಂದ ಬಿಡುಗಡೆಯಾದ ಬೆಕ್ಕನ್ನು ತರುವಾಗ ಪಡೆದ ಕಾಗದಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದರ ದಿನಚರಿಯ ಚೀಟಿ. ದೀಪ ಎಷ್ಟು ಗಂಟೆಗೆ ಹಚ್ಚುತ್ತಾರೆ, ಯಾವ ಆಹಾರ ಎಷ್ಟು ಗ್ರಾಂ, ಮಲಮೂತ್ರದ ಟ್ರೇಗೆ ಏನು ಹಾಕುತ್ತಾರೆ, ಕೋಣೆಯಲ್ಲಿ ಎಷ್ಟು ಡಿಗ್ರಿ. ಇಷ್ಟನ್ನು ಬರೆಸಿಕೊಳ್ಳದೆ ಬುಟ್ಟಿ ಎತ್ತಬೇಡಿ. ಇಂಥ ಬೆಕ್ಕಿಗೆ ಮಳೆ, ಮೆಟ್ಟಿಲು, ಕುಕ್ಕರ್ ಸೀಟಿ ಎಲ್ಲವೂ ಹೊಸದು. ಮೊದಲ ಎರಡು ವಾರ ಹಳೆಯ ವೇಳಾಪಟ್ಟಿಯನ್ನೇ ಮನೆಯಲ್ಲೂ ನಡೆಸಿ, ಆಮೇಲೆ ಒಂದೊಂದಾಗಿ ಸಡಿಲಿಸಬೇಕು.

ನಮ್ಮ ದೇಶದ ಲ್ಯಾಬ್‌ಗಳಲ್ಲಿ ಇಲಿ, ಮೊಲಗಳೇ ಹೆಚ್ಚು, ಬೆಕ್ಕು ಅಪರೂಪ. ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆ ಕೇಂದ್ರ ಸರ್ಕಾರದ ಸಿಸಿಎಸ್‌ಇಎ ಸಮಿತಿಯದು, 1998ರ ನಿಯಮಗಳ ಅಡಿಯಲ್ಲಿ. ಬ್ರಿಟಿಷ್ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ‘ಆರ್’ಗಳಿಗೆ (ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ಇಳಿಸುವುದು, ನೋವು ತಗ್ಗಿಸುವುದು) ನಮ್ಮಲ್ಲಿ ಪುನರ್ವಸತಿ (ರಿಹ್ಯಾಬಿಲಿಟೇಷನ್) ಎಂಬ ನಾಲ್ಕನೆಯದೂ ಸೇರಿದೆ. ಪ್ರಯೋಗದ ನಂತರದ ಆರೈಕೆಯ ಖರ್ಚು ಸಂಶೋಧನೆಯ ಖರ್ಚಿನಲ್ಲೇ ಸೇರಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಸಂತಾನಹರಣ, ಲಸಿಕೆ, ಹಲ್ಲು ಸ್ವಚ್ಛ ಮಾಡಿಸುವುದನ್ನು ಹಸ್ತಾಂತರಕ್ಕೆ ಮೊದಲೇ ಮುಗಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಬಹುದು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಕೊನೆಯ ಔಷಧಿ ಕೊಟ್ಟ ದಿನಾಂಕ, ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ವಿವರ, ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಮತ್ತು ಲ್ಯುಕೇಮಿಯಾ ವೈರಸ್ ಪರೀಕ್ಷೆಯ ವರದಿ, ಚರ್ಮದಡಿಯ ಗುರುತಿನ ಚಿಪ್‌ನ 15 ಅಂಕಿಯ ಸಂಖ್ಯೆ ಅಥವಾ ಕಿವಿಯ ಹಚ್ಚೆ, ಇವೆಲ್ಲ ಕಡತದಲ್ಲಿರಲಿ.

ಒಳಗೇ ಬೆಳೆದ ಬೆಕ್ಕಿಗೆ ರೇಬೀಸ್ ಲಸಿಕೆ ಆಗಿರದಿರಬಹುದು, ಕೇಳಿ ನೋಡಿ. ಮೂರು ರೋಗಗಳ ಕೂಡು ಲಸಿಕೆ ಆಗಿಲ್ಲದಿದ್ದರೆ 3–4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಅದು ಮುಗಿಯುವ ತನಕ ಬೀದಿಯ ಚಪ್ಪಲಿ ಹೊಸ್ತಿಲ ಆಚೆಗೇ ಇರಲಿ. ಆ ಮೂರರಲ್ಲೊಂದಾದ ಪ್ಯಾನ್‌ಲ್ಯುಕೋಪೀನಿಯಾದ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಹೈದರಾಬಾದ್ ಕಡೆಯಿಂದ ಜಹೀರಾಬಾದ್, ಹುಮ್ನಾಬಾದ್ ಹಾದು ಬರುವುದಾದರೆ ನಸುಕಿನಲ್ಲೇ ಹೊರಡಿ. ಹೊರಡುವ 4–5 ತಾಸು ಮೊದಲೇ ಆಹಾರ ನಿಲ್ಲಿಸಬೇಕು, ನೀರು ನಿಲ್ಲಿಸಬಾರದು. ಬುಟ್ಟಿಯೊಳಗೆ ಅದೇ ಪಂಜರದ ತೊಳೆಯದ ಬಟ್ಟೆ ಹಾಸಿದ್ದೆ; ಹೊಸ ಬಟ್ಟೆಗಿಂತ ಆ ವಾಸನೆ ಬೆಕ್ಕನ್ನು ಬೇಗ ಸಮಾಧಾನಕ್ಕೆ ತರುತ್ತದೆ.

ಮನೆಯಲ್ಲಿ 8×10 ಅಡಿಯ ಒಂದೇ ಕೋಣೆ ಸಾಕು. ಇಡೀ ಮನೆ ಬಿಟ್ಟರೆ ಕಪಾಟಿನ ಹಿಂದೆ ಸೇರಿ ಎರಡು ದಿನ ಹೊರಬರುವುದಿಲ್ಲ. ಕಿಟಕಿಗೆ ಸೊಳ್ಳೆ ಪರದೆ ನಂಬಬೇಡಿ, ಉಗುರಿಗೆ ಹರಿಯುತ್ತದೆ. ಒಂದಿಂಚಿನ ತಂತಿ ಜಾಳಗಿ ಹೊಡೆಸಿ. ಎರಡು ಬಾಯಿ ಕೊರೆದ ರಟ್ಟಿನ ಡಬ್ಬಿಯೊಂದು ಮೂಲೆಯಲ್ಲಿರಲಿ. ಶಹಾಬಾದ್ ಫರಸಿ ಚಳಿಗಾಲದಲ್ಲಿ ತಣ್ಣಗಿರುತ್ತದೆಂದು ಹಳೇ ಕೌದಿ ಹಾಸುವವರಿದ್ದಾರೆ. ಬೇಡ. ಕೌದಿಯ ಸಡಿಲ ಹೊಲಿಗೆ ಉಗುರಿಗೆ ಸಿಕ್ಕಿ ಬಿಚ್ಚುತ್ತದೆ. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲ ಕಡೆ ಬಾಗಿರುವುದರಿಂದ ಬಾಯಿಗೆ ಬಂದ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆಯಾಗಿ ಕತ್ತರಿಸಿಹೋಗುತ್ತದೆ. ದಪ್ಪ ಟವೆಲ್ ಸಾಕು.

ಟ್ರೇಗೆ ಮೊದಲ ವಾರ ಲ್ಯಾಬ್‌ನಿಂದಲೇ ತಂದ ಹೊಟ್ಟು. ನಂತರ ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮರಳನ್ನು ಕಾಲು ಭಾಗದಿಂದ ಶುರು ಮಾಡಿ 10 ದಿನದಲ್ಲಿ ಪೂರ್ತಿ ಬದಲಿಸಿದೆ. ಇಲ್ಲಿ ತೊಗರಿ ಹೊಟ್ಟು ಅಗ್ಗ, ಆದರೆ ಧೂಳು ಎದ್ದು ಸೀನು ಹಿಡಿಸುತ್ತದೆ.

ಆಹಾರದ ವಿಷಯದಲ್ಲಿ ಅವಸರ ಪಟ್ಟರೇ ಕೆಡುವುದು. ಹಳೆಯ ಆಹಾರಕ್ಕೆ ಹೊಸದನ್ನು ಕಾಲು ಭಾಗ ಬೆರೆಸಿ ಮೂರು ದಿನ, ಅರ್ಧ ಮೂರು ದಿನ, ಮುಕ್ಕಾಲು ಮೂರು ದಿನ. 4 ಕೆಜಿ ಬೆಕ್ಕಿಗೆ ದಿನಕ್ಕೆ ಸುಮಾರು 50–60 ಗ್ರಾಂ ಒಣ ಆಹಾರ. ಬಟ್ಟಲಲ್ಲಿ ಉಳಿದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಪೂರ್ತಿ ಒಂದು ದಿನ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು. ಉಪವಾಸ ಮುಂದುವರಿದರೆ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ, ಮೈ ತುಂಬಿದ ಬೆಕ್ಕಿಗೆ ಇನ್ನೂ ಬೇಗ. ಹಾಲು–ರೊಟ್ಟಿಯ ಮೇಲೆ ಬೆಕ್ಕು ಸಾಕುವ ನಮ್ಮ ರೂಢಿ ಇದಕ್ಕೆ ನಡೆಯದು. ದೊಡ್ಡ ಬೆಕ್ಕಿಗೆ ಹಾಲು ಸಾಮಾನ್ಯವಾಗಿ ಜೀರ್ಣವಾಗುವುದಿಲ್ಲ, ರೊಟ್ಟಿಯಲ್ಲಿ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ ಇಲ್ಲ. ಟಾರಿನ್ ಕಡಿಮೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಉಳ್ಳಾಗಡ್ಡಿ ಬಿದ್ದ ಸಾರಿನ ಮಾಂಸವಂತೂ ವಿಷ.

ಎತ್ತಿಕೊಂಡಾಗ ಸುಮ್ಮನಿದ್ದರೆ ನೋಡಿದವರು ‘ಭಾಳ ಸಾಧು ಅದ’ ಅನ್ನುತ್ತಾರೆ. ಕಿವಿ ನೋಡಿ: ಚಪ್ಪಟೆಯಾಗಿ ಹಿಂದಕ್ಕೆ ಹೋಗಿದ್ದು, ಕಣ್ಣಿನ ಪಾಪೆ ಅರಳಿ, ಬಾಲ ಹೊಟ್ಟೆಯಡಿ ಸೇರಿದ್ದರೆ ಅದು ಭಯಕ್ಕೆ ಕಲ್ಲಾಗಿದೆ. ಎರಡು ವಾರ ಎತ್ತಲೇಬೇಡಿ, ಕುತ್ತಿಗೆ ಚರ್ಮ ಹಿಡಿಯುವುದಂತೂ ಬೇಡವೇ ಬೇಡ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ನಿಧಾನ ಕಣ್ಣು ಮುಚ್ಚಿ ತೆರೆಯಿರಿ, ಅದಾಗಿಯೇ ಬರಲಿ.

ತರಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಎಸಿ ಕೋಣೆಯಲ್ಲಿದ್ದ ಪ್ರಾಣಿಯನ್ನು ಕಲಬುರಗಿಯ 42 ಡಿಗ್ರಿ ಮೇ ತಿಂಗಳಿಗೆ ಒಮ್ಮೆಲೇ ಇಳಿಸಬಾರದು. ಕೂಲರ್ ಸದ್ದಿಗೆ ಫೆಬ್ರವರಿಯಿಂದಲೇ ರೂಢಿ ಮಾಡಿಸಿ: ಮೊದಲು ಪಕ್ಕದ ಕೋಣೆಯಲ್ಲಿ ಕಡಿಮೆ ವೇಗದಲ್ಲಿ, ಆಮೇಲೆ ಹತ್ತಿರಕ್ಕೆ. ಬಾಯಿ ತೆರೆದು ಏದುಸಿರು ಬಿಟ್ಟರೆ ಪಾದ, ಕಿವಿಗೆ ಸಾದಾ ನೀರು ಸವರಿ, ಐಸ್ ಇಡದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೆಲ ಒರೆಸುವ ನೀರಿಗೆ ಫಿನೈಲ್ ಹಾಕುವುದನ್ನು ಬೆಕ್ಕು ಬರುವ ಮೊದಲೇ ನಿಲ್ಲಿಸಿ. ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು; ಒದ್ದೆ ಫರಸಿಯ ಮೇಲೆ ನಡೆದು ಪಾದ ನೆಕ್ಕಿದರೂ ಅದು ಹೊಟ್ಟೆ ಸೇರುತ್ತದೆ. ಪ್ಯಾರಾಸಿಟಮಾಲ್ ಕೂಡ ಹಾಗೆಯೇ, ಒಂದೇ ಮಾತ್ರೆಗೆ ಜೀವ ಹೋಗಬಹುದು. ನಮ್ಮಲ್ಲಿ ಈಗ ಸೋಪಿನ ನೀರು, ಆಮೇಲೆ ಎರಡು ಸಲ ಬರೀ ನೀರು.