ಬಣ್ಣ ನೋಡಿ ನೀರಿನ ವಿಷ ಪತ್ತೆ ಮಾಡುವುದು ಹೇಗೆ?

ಕೋಲಾರದ ಕಡೆ ಬೋರ್‌ವೆಲ್ ನೀರು ಅಂದರೆ ಎಲ್ಲರೂ ಫ್ಲೋರೈಡ್ ಬಗ್ಗೆಯೇ ಮಾತಾಡುತ್ತಾರೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಬಗ್ಗೆ ಕೇಳುವವರು ಕಡಿಮೆ. ಇವು ನೀರಲ್ಲಿದ್ದರೂ ಸಾಮಾನ್ಯವಾಗಿ ರುಚಿ, ವಾಸನೆಯಿಂದ ಗೊತ್ತಾಗುವುದಿಲ್ಲ. ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜು ಅಷ್ಟೇ. ಬಣ್ಣ ಬದಲಾಗುವ ಸ್ಟ್ರಿಪ್ ಉಪಯೋಗಕ್ಕೆ ಬರುವುದು ಇಲ್ಲೇ. ಅದರ ತುದಿಗೆ ಸವರಿದ ರಾಸಾಯನಿಕ ಲೋಹದ ಜೊತೆ ಸೇರಿದರೆ ಬಣ್ಣ ತಿರುಗುತ್ತದೆ.

ದುಡ್ಡು ಕೊಡುವ ಮುಂಚೆ ಡಬ್ಬಿಯ ಮೇಲಿನ ಬಣ್ಣದ ಚಾರ್ಟ್ ನೋಡಿ. ಸೊನ್ನೆ ಬಿಟ್ಟರೆ ಅತಿ ಚಿಕ್ಕ ಅಂಕಿ ಎಷ್ಟು? ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಂತೆ ಲೀಟರ್ ನೀರಿನಲ್ಲಿ ಸೀಸ, ಆರ್ಸೆನಿಕ್ ತಲಾ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ಸೀಸದ ಕೆಲವು ಸ್ಟ್ರಿಪ್‌ಗಳು 20 ಮಿಲಿಗ್ರಾಂನಿಂದ ಶುರುವಾಗುತ್ತವೆ! ಅವು ಕಾರ್ಖಾನೆಯ ಕೊಳಕು ನೀರಿಗೆ ಸರಿ, ಕುಡಿಯುವ ನೀರಿಗೆ ಸುಮ್ನೆ ದಂಡ.

ಇನ್ನು ನೀರು ಹಿಡಿಯುವುದು. ಸೀಸ ಹೆಚ್ಚಾಗಿ ಬರುವುದು ಹಳೇ ಪೈಪು, ಹಿತ್ತಾಳೆ ನಲ್ಲಿ, ಬೆಸುಗೆಯಿಂದ. ಹಾಗಾಗಿ ರಾತ್ರಿಯೆಲ್ಲಾ ನಿಂತ ನೀರನ್ನು ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಹಿಡಿಯಿರಿ. ಆರ್ಸೆನಿಕ್ ಬರುವುದು ನೆಲದಡಿಯ ಕಲ್ಲಿನಿಂದ. ಅದಕ್ಕೆ ಮೋಟರ್ ಹಾಕಿ, ಸ್ವಲ್ಪ ಹೊತ್ತು ಹರಿಯಲು ಬಿಟ್ಟು ಹಿಡಿಯಿರಿ. ಕೆಂಪು ಮಣ್ಣು ಬೆರೆತಿದ್ದರೆ ತಿಳಿಯಾಗಲು ಬಿಡಿ.

ಸ್ಟ್ರಿಪ್‌ನ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ಡಬ್ಬಿಯಲ್ಲಿ ಬರೆದಷ್ಟೇ ಸೆಕೆಂಡ್ ಅದ್ದಿ, ಅಡ್ಡವಾಗಿ ಮಲಗಿಸಿ, ಹೇಳಿದ ಸಮಯಕ್ಕೆ ಸರಿಯಾಗಿ ನೋಡಿ. ತಡವಾದರೆ ಬಣ್ಣ ಇನ್ನೂ ಗಾಢವಾಗಿ ಇಲ್ಲದ ಗಾಬರಿ ಹುಟ್ಟಿಸಬಹುದು. ಹಳದಿ ಬಲ್ಬಿನ ಕೆಳಗೆ ನಸುಹಳದಿಗೂ ಬಿಳಿಗೂ ವ್ಯತ್ಯಾಸವೇ ಕಾಣದು. ಜಗಲಿಗೆ ಬಂದು ಹಗಲು ಬೆಳಕಲ್ಲಿ ಚಾರ್ಟಿನ ಪಕ್ಕ ಇಟ್ಟು ನೋಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದು ಸ್ಟ್ರಿಪ್ ಅದ್ದಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಆರ್ಸೆನಿಕ್ ಕಿಟ್ ಕೆಲಸ ಮಾಡುವ ರೀತಿ ಬೇರೆ. ಬಾಟಲಿಯ ನೀರಿಗೆ ಆಮ್ಲ, ಸತುವಿನ ಪುಡಿ ಹಾಕಿದಾಗ ಆರ್ಸೆನಿಕ್ ಅನಿಲವಾಗಿ ಮೇಲೇಳುತ್ತದೆ. ಮುಚ್ಚಳದಲ್ಲಿರುವ ಕಾಗದ ಹಳದಿ, ಆಮೇಲೆ ಕಂದು ಆಗುತ್ತದೆ. ಆ ಅನಿಲವೂ ವಿಷ, ಕಾಗದದಲ್ಲಿರುವ ಪಾದರಸದ ಸಂಯುಕ್ತವೂ ವಿಷ. ಬಯಲಲ್ಲೇ ಮಾಡಿ. ಬೆಂಕಿ, ಮಕ್ಕಳು ಹತ್ತಿರ ಬೇಡ.

ಬಣ್ಣ ಬರಲಿಲ್ಲವೆಂದರೆ ಲೋಹ ಇಲ್ಲವೇ ಇಲ್ಲ ಅಂತಲ್ಲ, ಸ್ಟ್ರಿಪ್‌ನ ಕಣ್ಣಿಗೆ ಬೀಳುವಷ್ಟು ಇಲ್ಲ ಅಂತ. ಬಂದರೆ ಇನ್ನೊಮ್ಮೆ ಮಾಡಿ. ಮತ್ತೆ ಬಂದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕಾಯಿಸಿದರೆ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯಾಗುತ್ತದೆ, ಅಲ್ವಾ? ಲೋಹಗಳ ಪರೀಕ್ಷೆ ಮಾಡುವ ಲ್ಯಾಬಿಗೆ ಅವರೇ ಕೊಟ್ಟ ಬಾಟಲಿಯಲ್ಲಿ ನೀರು ಕಳಿಸಿ. ಬೋರ್‌ವೆಲ್ ನೀರಲ್ಲಿ ಇರಬಹುದಾದ ಇನ್ನೊಂದು ಲೋಹ ಯುರೇನಿಯಂ, ಅದರ ಅಳತೆಯನ್ನೂ ಅಲ್ಲೇ ಕೇಳಿ. ಬಾಟಲಿಯ ಮೇಲೆ ಊರು, ತಾರೀಕು, ಬೋರ್‌ವೆಲ್ ಎಷ್ಟು ಅಡಿ ಆಳ ಎಂದು ಬರೆದಿಡಿ.