ಆಡಿಯೊ ಫೈಲ್ ಕನ್ವರ್ಟ್ ಆಗದಿದ್ದರೆ ತಪ್ಪು ಹುಡುಕುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಎಲ್ಲಿಯೇ ತಾಳಮದ್ದಳೆಯೋ ಯಕ್ಷಗಾನವೋ ನಡೆದರೂ ಭಾಗವತರ ಎದುರು ಒಂದೆರಡು ಮೊಬೈಲುಗಳು ರೆಕಾರ್ಡಿಂಗ್‌ಗೆಂದು ಕುಳಿತಿರುತ್ತವೆ. ಆ ಧ್ವನಿಮುದ್ರಣವನ್ನು ಎಂಪಿ3 ಮಾಡಿ ಬಂಧುಬಳಗಕ್ಕೆ ಕಳಿಸಲು ಹೊರಟಾಗ ಕನ್ವರ್ಟರ್ ಅರ್ಥವಾಗದ ಒಂದು ಸಾಲನ್ನು ತೋರಿಸಿ ನಿಂತುಬಿಟ್ಟರೆ, ಹೊಸಬರು ಸಾಮಾನ್ಯವಾಗಿ ಇನ್ನೊಂದು ಕನ್ವರ್ಟರನ್ನು ಇಳಿಸಿಕೊಳ್ಳುತ್ತಾರೆ, ಅದೂ ಸೋತರೆ ಮತ್ತೊಂದನ್ನು. ಆದರೆ ತೊಂದರೆ ಹೆಚ್ಚಾಗಿ ಇರುವುದು ಮೂಲ ಫೈಲಿನಲ್ಲಿ. ಹುಡುಕಾಟ ಅಲ್ಲಿಂದಲೇ ಆರಂಭವಾಗಬೇಕು.

ಮೊದಲಿಗೆ ಮೂಲ ಫೈಲಿನ ಒಂದು ಪ್ರತಿ ಮಾಡಿಕೊಂಡು, ಮುಂದಿನ ಎಲ್ಲ ಪ್ರಯೋಗಗಳನ್ನೂ ಆ ಪ್ರತಿಯ ಮೇಲೆಯೇ ನಡೆಸಿ. ಅದನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ಆರಂಭ, ನಡು ಮತ್ತು ಕೊನೆಯನ್ನು ಕೇಳಿ. ಮೊಬೈಲಿನಲ್ಲಿ ಸರಿಯಾಗಿ ಕೇಳಿಸುವುದು ಕಂಪ್ಯೂಟರಿನಲ್ಲಿ ಕೇಳಿಸದಿದ್ದರೆ, ಎರಡೂ ಕಡೆ ಫೈಲಿನ ಗಾತ್ರವನ್ನು ಹೋಲಿಸಿ ನೋಡಿ. ಕೇಬಲ್ ಸಡಿಲಾಗಿಯೋ ನೆಟ್‌ವರ್ಕ್ ಕೈಕೊಟ್ಟೋ ಅರ್ಧಕ್ಕೆ ನಿಂತ ಫೈಲಿನ ಗಾತ್ರ ಕಡಿಮೆ ಇರುತ್ತದೆ. ಮತ್ತೊಮ್ಮೆ ನಕಲು ಮಾಡಿಕೊಂಡರೆ ಅಲ್ಲಿಗೆ ಕೆಲಸ ಮುಗಿಯಿತು.

ಎರಡನೆಯದು ಹೆಸರಿನ ಗೊಂದಲ. ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3 ಎಂದು ತಿದ್ದಿ ಬರೆದ ಮಾತ್ರಕ್ಕೆ ಅದು ಎಂಪಿ3 ಆಗುವುದಿಲ್ಲ. ಅಪ್ಪೆಮಿಡಿಯ ಭರಣಿಗೆ ಜೇನುತುಪ್ಪದ ಚೀಟಿ ಅಂಟಿಸಿದಷ್ಟೇ ಅದರ ಪ್ರಯೋಜನ. ವಾಟ್ಸಾಪ್‌ನ ಧ್ವನಿ ಸಂದೇಶಗಳ ಒಳಗೆ ಇರುವುದು ಓಪಸ್ ಎಂಬ ಕೋಡೆಕ್, ಅಂದರೆ ಧ್ವನಿಯನ್ನು ಒತ್ತಿ ಕಿರಿದಾಗಿಸಿ ಬರೆಯುವ ವಿಧಾನ. ಐಫೋನಿನ ವಾಯ್ಸ್ ಮೆಮೊಸ್ ಸಾಮಾನ್ಯವಾಗಿ ಎಂ4ಎ ಫೈಲಿನಲ್ಲಿ ಎಎಸಿ ಕೋಡೆಕ್ ಬಳಸುತ್ತದೆ. ಹಳೆಯ ಮೊಬೈಲುಗಳ ಎಎಂಆರ್ ಫೈಲು ಸೆಕೆಂಡಿಗೆ 8,000 ಮಾದರಿಗಳಷ್ಟೇ ಇರುವ, ಮಾತಿಗೆಂದೇ ರೂಪಿಸಿದ ಧ್ವನಿ. ನಿಮ್ಮ ಫೈಲಿನ ಒಳಗೆ ನಿಜವಾಗಿ ಏನಿದೆ ಎಂಬುದನ್ನು ವಿಎಲ್‌ಸಿಯ ‘ಟೂಲ್ಸ್’ ಮೆನುವಿನಲ್ಲಿರುವ ‘ಕೋಡೆಕ್ ಇನ್ಫರ್ಮೇಶನ್’ ತಿಳಿಸುತ್ತದೆ. ಅಲ್ಲಿ ಕಾಣುವ ಕೋಡೆಕ್, ಚಾನೆಲ್‌ಗಳ ಸಂಖ್ಯೆ (ಒಂದಾದರೆ ಮೊನೊ, ಎಡ ಬಲ ಎರಡಾದರೆ ಸ್ಟೀರಿಯೊ) ಮತ್ತು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಮಾದರಿ) ಎಂಬ ಮೂರನ್ನು ಬರೆದಿಟ್ಟುಕೊಳ್ಳಿ. ಎಂಪಿ3ಯಲ್ಲಿ ಸ್ಯಾಂಪಲ್ ರೇಟ್ 48,000ಕ್ಕಿಂತ ಮೇಲೆ ಹೋಗಲಾರದು. ಒಳ್ಳೆಯ ರೆಕಾರ್ಡರಿನಿಂದ 96,000ದಲ್ಲಿ ಮುದ್ರಿಸಿದ ಫೈಲನ್ನು ಕೆಲವು ಕನ್ವರ್ಟರುಗಳು ತಾವೇ ಇಳಿಸಿಕೊಳ್ಳುತ್ತವೆ, ಕೆಲವು ಅಲ್ಲೇ ಮುಷ್ಕರ ಹೂಡುತ್ತವೆ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಹೆಚ್ಚು. ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ, ಅಥವಾ ಚಾರ್ಜ್ ಮುಗಿದು ಮೊಬೈಲ್ ಸ್ತಬ್ಧವಾದರೆ, ಫೈಲು ದೊಡ್ಡದಾಗಿಯೇ ಉಳಿದಿದ್ದರೂ ಪ್ಲೇಯರುಗಳು ಅದನ್ನು ತೆರೆಯದೇ ಇರಬಹುದು. ಎಂ4ಎ ಫೈಲಿನಲ್ಲಿ ಧ್ವನಿಯ ಯಾವ ತುಣುಕು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ, ಕೊನೆಯಲ್ಲಿ ಬರೆಯಲಾಗುತ್ತದೆ. ಅದಕ್ಕೆ ಅವಕಾಶವೇ ಸಿಗದಿದ್ದಾಗ ‘ಮೂವ್ ಆಟಮ್ ನಾಟ್ ಫೌಂಡ್’, ಅಂದರೆ ಆ ಸೂಚಿಯೇ ಸಿಗಲಿಲ್ಲ, ಎಂಬ ದೂರು ಬರುತ್ತದೆ. ಇದನ್ನು ಕಂಡ ಮೇಲೂ ಕನ್ವರ್ಟರ್ ಬದಲಾಯಿಸುತ್ತಾ ಕೂರುವುದು ವ್ಯರ್ಥ. ಅದೇ ಮೊಬೈಲಿನಲ್ಲಿ, ಅದೇ ಆ್ಯಪ್‌ನಿಂದ, ಅದೇ ಸೆಟ್ಟಿಂಗ್‌ನಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ಮಾಡಿ, ಆ ಆರೋಗ್ಯವಂತ ಫೈಲನ್ನೂ ಕೆಟ್ಟ ಫೈಲನ್ನೂ ‘ಅನ್‌ಟ್ರಂಕ್’ ಎಂಬ ಉಚಿತ ಸಾಧನಕ್ಕೆ ಕೊಟ್ಟರೆ, ಅದು ಮೊದಲನೆಯದನ್ನು ಮಾದರಿಯಾಗಿಟ್ಟುಕೊಂಡು ಎರಡನೆಯದರ ಸೂಚಿಯನ್ನು ಮರಳಿ ಕಟ್ಟಲು ಪ್ರಯತ್ನಿಸುತ್ತದೆ. ಕೆಟ್ಟದ್ದು ಧ್ವನಿಯನ್ನು ಒತ್ತದೆ ಹಾಗೆಯೇ ಬರೆದಿಡುವ ವೇವ್ ಫೈಲಾದರೆ ಕೆಲಸ ಇನ್ನೂ ಸುಲಭ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯ ‘ಇಂಪೋರ್ಟ್’ ಮೆನುವಿನಲ್ಲಿ ‘ರಾ ಡೇಟಾ’ ಆಯ್ದು, ಮೂಲದ ಬಿಟ್ (ಒಂದೊಂದು ಮಾದರಿಯನ್ನು ಬರೆಯಲು ಬಳಸಿದ ಅಂಕಿಗಳ ಸಂಖ್ಯೆ), ಚಾನೆಲ್ ಮತ್ತು ಸ್ಯಾಂಪಲ್ ರೇಟ್ ಕೊಟ್ಟರೆ, ಆರಂಭದ ಒಂದು ‘ಟಕ್’ ಸದ್ದಿನ ನಂತರ ಚೆಂಡೆ ಮದ್ದಳೆ ಕೇಳಿಸತೊಡಗುತ್ತವೆ.

ರಾತ್ರಿಯಿಡೀ ನಡೆಯುವ ಆಟವನ್ನು ವೇವ್ ಆಗಿ ಉಳಿಸುವವರು ಒಂದು ಲೆಕ್ಕವನ್ನು ತಿಳಿದಿರಬೇಕು. 16 ಬಿಟ್, 48,000 ಸ್ಯಾಂಪಲ್ ರೇಟಿನ ಸ್ಟೀರಿಯೊ ಧ್ವನಿ ಗಂಟೆಗೆ ಸುಮಾರು 690 ಎಂಬಿ ಜಾಗ ಹಿಡಿಯುತ್ತದೆ. ಎಂಟು ಗಂಟೆಗೆ ಅದು 5.5 ಜಿಬಿ. ಸಾಮಾನ್ಯ ವೇವ್ ಫೈಲಿನ ಮಿತಿಯೇ 4 ಜಿಬಿ. ಅಂದರೆ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಬೆಳಗಿನ ಜಾವದ ಪ್ರಸಂಗ ಕಾವೇರಿರುವಾಗಲೇ, ಫೈಲು ತುಂಬಿಹೋಗುತ್ತದೆ. ಇಂಥ ದೀರ್ಘ ಧ್ವನಿಯನ್ನು ಎರಡು ಮೂರು ಭಾಗ ಮಾಡಿ, ಇಲ್ಲವೇ ಗುಣಮಟ್ಟ ಕಳೆಯದೆ ಗಾತ್ರ ಇಳಿಸುವ ಫ್ಲ್ಯಾಕ್‌ನಲ್ಲಿ ಉಳಿಸಿ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಅದಕ್ಕೂ ಒಂದು ಫೈಲಿಗೆ 4 ಜಿಬಿಯ ಮಿತಿ ಇದೆ.

ಕನ್ವರ್ಟ್ ಆಯಿತು, ಆದರೆ ಸದ್ದಿಲ್ಲ ಎಂಬ ದೂರು ವಿಚಿತ್ರವೆನಿಸಿದರೂ ಅದರ ಕಾರಣ ಸರಳ. ಸಭೆಯ ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ಟನ್ನು (ಒಂದೇ ಧ್ವನಿಯನ್ನು ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಕಳಿಸುವ ಕಿಂಡಿ) ತಪ್ಪು ಕೇಬಲ್ಲಿನಿಂದ ರೆಕಾರ್ಡರಿನ ಸ್ಟೀರಿಯೊ ಕಿಂಡಿಗೆ ಜೋಡಿಸಿದಾಗ, ಎಡಕ್ಕೆ ಹೋದ ಧ್ವನಿಯೇ ಬಲಕ್ಕೆ ತಲೆಕೆಳಗಾಗಿ ಹೋಗುತ್ತದೆ. ಹೆಡ್‌ಫೋನಿನಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿಯೇ ಕೇಳಿಸುತ್ತದೆ. ಗಾತ್ರ ಇಳಿಸಲೆಂದು ಮೊನೊ ಮಾಡಿದ ಕೂಡಲೇ ಎರಡೂ ಒಂದನ್ನೊಂದು ಅಳಿಸಿಕೊಂಡು, ಮಂದವಾದ ಗೊಣಗು ಬಿಟ್ಟರೆ ಏನೂ ಉಳಿಯುವುದಿಲ್ಲ. ಆಡಾಸಿಟಿಯಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೊನೊ ಟ್ರ್ಯಾಕ್‌ಗಳಾಗಿ ಬೇರ್ಪಡಿಸಿ, ಒಂದನ್ನು ಅಳಿಸಿ, ಉಳಿದದ್ದನ್ನು ಎಕ್ಸ್‌ಪೋರ್ಟ್ ಮಾಡಿದರೆ ಪೂರ್ತಿ ಧ್ವನಿ ಮರಳಿ ಬರುತ್ತದೆ.

ಇನ್ನುಳಿದ ಕಾರಣಗಳು ಚಿಕ್ಕವು. ಕೆಲವು ಹಳೆಯ ಕನ್ವರ್ಟರುಗಳು ಕನ್ನಡ ಅಕ್ಷರಗಳ ಫೈಲ್ ಹೆಸರನ್ನು ಓದಲಾರವು. ಪ್ರತಿಗೆ ತಾತ್ಕಾಲಿಕವಾಗಿ ಇಂಗ್ಲಿಷ್ ಹೆಸರು ಕೊಟ್ಟು ನೋಡಿ. ವಿಂಡೋಸ್‌ನ ಆಡಾಸಿಟಿ ಎಂ4ಎ ತೆರೆಯದಿದ್ದರೆ ಹಲವು ಬಗೆಯ ಫೈಲುಗಳನ್ನು ಓದಲು ನೆರವಾಗುವ ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಪ್ರತ್ಯೇಕವಾಗಿ ಹಾಕಬೇಕು. ಸಂಗೀತದ ಆ್ಯಪ್‌ಗಳೊಳಗೆ ಡೌನ್‌ಲೋಡ್ ಮಾಡಿದ ಹಾಡುಗಳಿಗೆ ಬೀಗ ಹಾಕಿರುತ್ತಾರೆ, ಅವು ಕನ್ವರ್ಟ್ ಆಗದಿರುವುದು ದೋಷವಲ್ಲ. ಆನ್‌ಲೈನ್ ಕನ್ವರ್ಟರುಗಳನ್ನು ನಾನು ಸಲಹೆ ಮಾಡುವುದಿಲ್ಲ. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರುಗಳಲ್ಲಿ ನೂರಾರು ಎಂಬಿಯ ಅಪ್‌ಲೋಡ್ ನಡುವೆಯೇ ಕಡಿದುಹೋಗುತ್ತದೆ, ಮನೆಮಂದಿಯ ಮಾತು ಅಪರಿಚಿತರ ಸರ್ವರಿಗೂ ಹೋಗುತ್ತದೆ.

ಕನ್ವರ್ಟ್ ಮುಗಿದ ಮೇಲೆ ಮೂಲ ಮತ್ತು ಹೊಸ ಫೈಲಿನ ಅವಧಿಯನ್ನು ಹೋಲಿಸಿ. ಕೆಲವು ನಿಮಿಷಗಳೇ ಕಡಿಮೆ ಬಂದಿದ್ದರೆ ಮೂಲವನ್ನು ಅಳಿಸಬೇಡಿ. ಎಂಪಿ3 ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಹಳೆಯ ಕಾರಿನ ಪ್ಲೇಯರಿನಲ್ಲಿ ಅವಧಿ ಮಾತ್ರ ತಪ್ಪಾಗಿ ಕಂಡರೆ, ಬಿಟ್‌ರೇಟನ್ನು (ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ‘ಕಾನ್‌ಸ್ಟಂಟ್’ ಎಂದು ಆಯ್ದು ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ಮಾತೇ ಮುಖ್ಯವಾದ ತಾಳಮದ್ದಳೆಗೆ 64 ಕೆಬಿಪಿಎಸ್ ಮೊನೊ ಸಾಕು, ಗಂಟೆಗೆ 29 ಎಂಬಿ ಆಗುತ್ತದೆ. ಚೆಂಡೆಯ ಏರುಪೆಟ್ಟು ಸ್ಪಷ್ಟವಾಗಿರಬೇಕೆಂದರೆ 128 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬೇಡಿ.